ಮನೆ ಕಟ್ಟಿದವನಿಗೆ ಮನೆಯ ಮೇಲೆ ಹಕ್ಕಿಲ್ಲ

ಕೋಪರಖೈರಣೆಯ ಸಿಡ್ಕೊ ರೋ ಹೌಸ್ ಗಲ್ಲಿಗಳಲ್ಲಿ ವರ್ಷವಿಡೀ ಎಲ್ಲಾದರೂ ಒಂದು ಕಡೆ ರಿಪೇರಿಯೋ ಮರುನಿರ್ಮಾಣವೋ ನಡೆದೇ ಇರುತ್ತದೆ. ಆ ಕೆಲಸಗಳಲ್ಲಿ ನಮ್ಮ ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಅವರಲ್ಲೊಬ್ಬ ಮೇಸ್ತ್ರಿ ಕಳೆದ ಭಾನುವಾರ ಮನೆಗೆ ಬಂದಿದ್ದರು. ಕೆಲಸ ಮುಗಿದು ಎಂಟು ತಿಂಗಳಾದರೂ ಮಾಲೀಕರಿಂದ ಎರಡೂವರೆ ಲಕ್ಷ ಬಾಕಿ.

“ಮನಿ ನಾ ಕಟ್ಟೀನ್ರಿ ಸರ್, ರೊಕ್ಕ ಕೇಳಿದ್ರ ಮುಂದಿನ ವಾರ ಅಂತಾರ. ಗೇಟಿಗೆ ಕೀಲಿ ಹಾಕಿ ಕುಂತ್ರ ಹೆಂಗ್ರಿ?”

ಬೇಡ ಎಂದೆ. ಮನೆ ಮಾಲೀಕರ ಸ್ವಾಧೀನದಲ್ಲಿದೆ. ಬೀಗ ಜಡಿದರೆ ಕೇಸು ಮೇಸ್ತ್ರಿಯ ಮೇಲೇ ಬೀಳಬಹುದು.

ನಾನು ವಕೀಲನಲ್ಲ, ಸಾಫ್ಟ್‌ವೇರ್‌ನವನು. ಅಮೆರಿಕದ ಗ್ರಾಹಕರೊಬ್ಬರ ಬಿಲ್ಲಿಂಗ್ ತಂತ್ರಾಂಶದ ಕೆಲಸದಲ್ಲಿ ‘ಮೆಕ್ಯಾನಿಕ್ಸ್ ಲೀನ್’ ಎಂಬ ಮಾತು ಮೊದಲು ಕಂಡಿತ್ತು. ಅಲ್ಲಿ ಹಣ ಬಾರದ ಗುತ್ತಿಗೆದಾರ, ಸಾಮಾನು ಕೊಟ್ಟ ಅಂಗಡಿಯವನು ಕೂಡ, ತನ್ನ ಬಾಕಿಯನ್ನು ಆ ಆಸ್ತಿಯ ಮೇಲೆಯೇ ದಾಖಲಿಸಬಹುದು. ಅದು ತೀರುವ ತನಕ ಮನೆ ಮಾರುವುದೂ ಕಷ್ಟ, ಅದರ ಮೇಲೆ ಸಾಲ ಹುಟ್ಟುವುದೂ ಕಷ್ಟ. ಹೊಸ ರಾಜಧಾನಿ ವಾಷಿಂಗ್ಟನ್ ಕಟ್ಟುವವರಿಗೆ ಧೈರ್ಯ ಬರಲೆಂದು ಮೇರಿಲ್ಯಾಂಡ್ ರಾಜ್ಯ 1791ರಲ್ಲೇ ಇಂಥ ಕಾನೂನು ತಂದಿತ್ತು.

ನಮ್ಮಲ್ಲಿ ಇದಿಲ್ಲ. 1872ರ ಕರಾರು ಕಾಯ್ದೆಯ 170ನೇ ಕಲಮಿನಂತೆ, ಕೂಲಿ ಸಿಗುವ ತನಕ ದರ್ಜಿ ಕೋಟನ್ನು, ವಜ್ರ ಕೊರೆದವನು ವಜ್ರವನ್ನು ಹಿಡಿದಿಟ್ಟುಕೊಳ್ಳಬಹುದು. ಜಮೀನು ಮಾರಿ ಪೂರ್ತಿ ಹಣ ಸಿಗದವನಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಆ ಜಮೀನಿನ ಮೇಲೆಯೇ ಹಕ್ಕು ಕೊಡುತ್ತದೆ. ಬ್ಯಾಂಕಿಗೆ ಅಡಮಾನವಿದೆ. ಗೋಡೆ ಎಬ್ಬಿಸಿದವನಿಗೆ ಮಾತ್ರ ಆ ಗೋಡೆಯ ಮೇಲೆ ಇಂಥ ಹಕ್ಕಿಲ್ಲ.

ಹಾಗಾದರೆ ದಾರಿ? ನೋಟಿಸು, ಆಮೇಲೆ ಸಿವಿಲ್ ದಾವೆ. ಬರವಣಿಗೆಯ ಕರಾರಿಲ್ಲದಿದ್ದರೂ, ಪುಕ್ಕಟೆಯಲ್ಲದ ಕೆಲಸದ ಲಾಭ ಪಡೆದವನು ಪರಿಹಾರ ಕೊಡಬೇಕು ಎನ್ನುತ್ತದೆ ಕರಾರು ಕಾಯ್ದೆಯ 70ನೇ ಕಲಂ. ಹಣ ಕೊಡುವ ದಿನ ಗೊತ್ತುಮಾಡದಿದ್ದರೆ ಕೆಲಸ ಮುಗಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಮಾಲೀಕರು ಬಾಕಿ ಒಪ್ಪಿ ಬರೆದು ಸಹಿ ಮಾಡಿದರೆ ಅಂದಿನಿಂದ ಲೆಕ್ಕ ಹೊಸದಾಗಿ ಶುರು. ತೀರ್ಪಿಗೆ ಮೊದಲೇ ಆಸ್ತಿ ಮಾರಿ ಜಾರಿಕೊಳ್ಳುವ ಸುಳಿವಿದ್ದರೆ ಜಪ್ತಿಗೆ ಕೋರಬಹುದು. ಅದಕ್ಕೂ ನ್ಯಾಯಾಲಯ ಗಟ್ಟಿ ಪುರಾವೆ ಕೇಳುತ್ತದೆ.

ಎಲ್ಲವೂ ಕೊನೆಗೆ ಕಾಗದಕ್ಕೇ ಬಂದು ನಿಲ್ಲುತ್ತದೆ. ಕೆಲಸವನ್ನು ಹಂತಗಳಾಗಿ ಒಡೆದು, ಒಂದು ಹಂತದ ಹಣ ಬಂದ ಮೇಲೆಯೇ ಮುಂದಿನದನ್ನು ಮುಟ್ಟಿ. “ಇನ್ನೊಂದು ಬಾತ್‌ರೂಮ್ ಹಾಕಿಬಿಡಿ” ಎಂದರೆ ದರ ಬರೆದು ಸಹಿ ಪಡೆಯಿರಿ. ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ನಮ್ಮ ಆಫೀಸಿನಲ್ಲಿ ಒಪ್ಪಿಗೆಯ ಮೇಲ್ ಬಾರದೆ ಒಂದು ಬಟನ್ನಿನ ಬಣ್ಣವನ್ನೂ ಬದಲಿಸುವುದಿಲ್ಲ.

ಮೇಸ್ತ್ರಿ ಚೀಲದಿಂದ ಮಗನ ಹಳೆಯ ನೋಟ್‌ಬುಕ್ ತೆಗೆದರು. ಇಟ್ಟಿಗೆ, ಮರಳು, ಆಳುಗಳ ಲೆಕ್ಕ ದಿನದಿನದ್ದೂ ಇತ್ತು. ಮಾಲೀಕರ ಸಹಿ ಮಾತ್ರ ಒಂದೂ ಇರಲಿಲ್ಲ. ಅದನ್ನೇ ಇಟ್ಟುಕೊಂಡು ಇಬ್ಬರೂ ಬಾಕಿಯ ಪಟ್ಟಿ ಮಾಡಿದೆವು. ಈ ವಾರ ವಕೀಲರ ಹತ್ತಿರ ಹೋಗುವುದಿದೆ. ಘಣಸೋಲಿಯಲ್ಲಿ ಹೊಸ ಕೆಲಸ ಸಿಕ್ಕಿದೆಯಂತೆ. ಈ ಸಲ ಮೊದಲ ಪುಟದಲ್ಲೇ ಸಹಿ ಹಾಕಿಸಿಕೊಳ್ಳಿ ಎಂದು ಹೇಳಿ ಕಳಿಸಿದೆ.