ಅರಿವು ಬೇರೆ, ರೂಢಿ ಬೇರೆ

ಮುಂಜಾನೆಯ ಓದು ಲೇಸೆಂದು ಬಲ್ಲ ಮಗ ಹೊತ್ತಿಗೆ ಸರಿಯಾಗಿ ಏಳನೇಕೆಂದು ನೀವು ಬೇಸರಪಟ್ಟಿರಬಹುದು. ಅರಿವಿಗೂ ರೂಢಿಗೂ ಮಿದುಳಿನಲ್ಲಿ ನೆಲೆಗಳೇ ಬೇರೆ.

1996ರಲ್ಲಿ ಅಮೆರಿಕದ ನೋಲ್ಟನ್, ಮ್ಯಾಂಗಲ್ಸ್, ಸ್ಕ್ವೈರ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಆಕೃತಿಗಳಿದ್ದ ಕಾರ್ಡುಗಳನ್ನು ನೋಡಿ, ಮಳೆಯೋ ಬಿಸಿಲೋ ಎಂದು ರೋಗಿಗಳು ಊಹಿಸಬೇಕು. ಸರಿಯೋ ತಪ್ಪೋ ಎಂದು ಪ್ರತಿಸಲವೂ ತಿಳಿಸುವರು. ಸ್ಮೃತಿಭ್ರಂಶವಾದವರು ಪಾಠದ ವಿವರಗಳನ್ನು ಮರೆತರೂ ಊಹೆಯಲ್ಲಿ ಪಳಗಿದರು. ಪಾರ್ಕಿನ್ಸನ್ ರೋಗ, ಅಂದರೆ ಕಂಪವಾತವುಳ್ಳವರು, ವಿವರಗಳನ್ನು ನೆನಪಿಟ್ಟರು, ಹಾಗೆ ಪಳಗಲಿಲ್ಲ.

ನಡೆದುದರ ನೆನಪಿಗೆ ಹಿಪೊಕ್ಯಾಂಪಸ್ ಮೊದಲಾದ ಭಾಗಗಳು ಬೇಕು. ರೂಢಿಗೆ ಮಿದುಳಿನಾಳದ ಸ್ಟ್ರಯೇಟಮ್. ಫಲ ದೊರೆತ ಸುದ್ದಿಯನ್ನು ಅಲ್ಲಿಗೆ ಮುಟ್ಟಿಸುವುದು ಡೋಪಮೀನ್ ಎಂಬ ದ್ರವ್ಯ. ಕಂಪವಾತದಲ್ಲಿ ಕುಂದುವುದು ಅದೇ.

ಆದಕಾರಣ ಮಗನನ್ನು ಸೋಮಾರಿಯೆಂದು ಹಳಿಯದಿರಿ. ಉಪದೇಶ ಒಮ್ಮೆ ಸಾಕು. ಎದ್ದ ದಿನ ಮೆಚ್ಚುಗೆಯ ಮಾತೊಂದನ್ನು ಮರೆಯದೆ ಆಡಿರಿ.