ಶಾಸ್ತ್ರಗ್ರಂಥ ಚರ್ಚೆಯ ಮರ್ಯಾದೆ: ‘ಕಥಾಲಕ್ಷಣ’ದ ಬೆಳಕಿನಲ್ಲಿ ಬೈಬಲ್ ಅಧ್ಯಯನ

ಒಂದು ಸಮುದಾಯವು ಪವಿತ್ರವೆಂದು ನಂಬಿದ ಗ್ರಂಥವನ್ನು ಭಿನ್ನ ಶ್ರದ್ಧೆಗಳ ವಿದ್ವಾಂಸರು ಕೂಡಿ ಚರ್ಚಿಸುವಾಗ ಅವರನ್ನು ಯಾವ ನಿಯಮಗಳು ಬಂಧಿಸಬೇಕು? ಬೈಬಲ್ ಅಧ್ಯಯನದ ಗೋಷ್ಠಿಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುವ ಈ ಪ್ರಶ್ನೆಗೆ ಪಾಶ್ಚಾತ್ಯ ವಿದ್ವತ್ಸಂಪ್ರದಾಯದಲ್ಲಿಯೇ ಉತ್ತರವನ್ನರಸುವುದು ವಾಡಿಕೆ. ಆದರೆ ಶಾಸ್ತ್ರಚರ್ಚೆಯ ಮರ್ಯಾದೆಯನ್ನು ತುಳುನಾಡಿನ ವಿದ್ವತ್ಪರಂಪರೆ ಏಳು ಶತಮಾನಗಳ ಹಿಂದೆಯೇ ಶಾಸ್ತ್ರೀಯವಾಗಿ ಪರಿಶೀಲಿಸಿತ್ತು.

ಉಡುಪಿ ಸಮೀಪದ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರ (1238-1317) ದಶಪ್ರಕರಣಗಳಲ್ಲಿ ‘ಕಥಾಲಕ್ಷಣ’ವೂ ಒಂದು. ಇಲ್ಲಿ ‘ಕಥೆ’ಯೆಂದರೆ ವಿದ್ವಾಂಸರ ವಾದಪ್ರತಿವಾದ. ಅದು ಮೂರು ಬಗೆಯದು. ತತ್ತ್ವನಿರ್ಣಯವನ್ನೇ ಗುರಿಯಾಗಿಟ್ಟುಕೊಂಡು ಗುರುಶಿಷ್ಯರ ಅಥವಾ ಸಜ್ಜನರ ನಡುವೆ ನಡೆಯುವುದು ವಾದ. ಕೀರ್ತಿಗಾಗಿಯೋ ಸ್ಪರ್ಧೆಯಿಂದಲೋ ನಡೆಯುವುದು ಜಲ್ಪ. ವಿತಂಡದ ವಿಷಯದಲ್ಲಿ ಮಾತ್ರ ಮಧ್ವರ ದಾರಿ ಬೇರೆ. ನ್ಯಾಯಸೂತ್ರದ ಪ್ರಕಾರ ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನಷ್ಟೇ ಖಂಡಿಸುವುದು ವಿತಂಡ. ಮಧ್ವರಾದರೋ, ಸಜ್ಜನನು ತತ್ತ್ವಕ್ಕೆ ವಿಮುಖರಾದವರೊಡನೆ ತನ್ನ ಸಿದ್ಧಾಂತವನ್ನು ಮರೆಮಾಡಿ ನಡೆಸುವ ಚರ್ಚೆಗೆ ಆ ಹೆಸರನ್ನು ಕೊಟ್ಟರು. ಎದುರಿಗಿರುವವನು ಯಾರು, ಅವನು ಬಂದಿರುವ ಉದ್ದೇಶವೇನು ಎಂಬುದನ್ನರಿತು ಮಾತಿನ ಬಗೆಯನ್ನು ನಿರ್ಧರಿಸಬೇಕೆಂಬುದು ಇದರ ಆಶಯ.

ಪ್ರಾಶ್ನಿಕರನ್ನು, ಎಂದರೆ ಚರ್ಚೆಯ ನಿರ್ಣಾಯಕರನ್ನು ಕುರಿತ ನಿಯಮ ಇನ್ನೂ ಸೂಕ್ಷ್ಮವಾದುದು. ಅವರು ರಾಗದ್ವೇಷರಹಿತರೂ ಸರ್ವವಿದ್ಯಾವಿಶಾರದರೂ ಆಗಿರಬೇಕು. ಅವರ ಸಂಖ್ಯೆ ಬೆಸವಾಗಿರಬೇಕು, ಇಲ್ಲವೇ ಒಬ್ಬನೇ ಇರಬೇಕು. ಅಭಿಪ್ರಾಯ ಸಮನಾಗಿ ಒಡೆದು ನಿರ್ಣಯವೇ ನಿಂತುಹೋಗಬಾರದೆಂಬ ವ್ಯವಹಾರಜ್ಞಾನ ಇದರ ಹಿಂದಿದೆ. ಒಬ್ಬನೇ ಆದರೆ ಅವನು ಎಲ್ಲ ಸಂಶಯಗಳನ್ನೂ ಪರಿಹರಿಸಬಲ್ಲವನಾಗಿರಬೇಕೆಂದು ಅರ್ಹತೆಯನ್ನು ಮತ್ತಷ್ಟು ಬಿಗಿಗೊಳಿಸಲಾಗಿದೆ.

ಈ ನಿಯಮಗಳು ಆಚರಣೆಯಲ್ಲಿ ಹೇಗಿದ್ದವು? ಕಾಸರಗೋಡು ಪರಿಸರದಲ್ಲಿ ತ್ರಿವಿಕ್ರಮ ಪಂಡಿತಾಚಾರ್ಯರು ಮಧ್ವರೊಡನೆ ಹಲವು ದಿನ ವಾದ ಮಾಡಿ, ಕೊನೆಗೆ ಶಿಷ್ಯರಾಗಿ, ಗುರುವಿನ ಭಾಷ್ಯಕ್ಕೆ ‘ತತ್ತ್ವಪ್ರದೀಪ’ವೆಂಬ ವ್ಯಾಖ್ಯಾನವನ್ನು ಬರೆದರು. ಪ್ರಸಂಗವನ್ನು ‘ಸುಮಧ್ವವಿಜಯ’ದಲ್ಲಿ ನಿರೂಪಿಸಿದವರು ತ್ರಿವಿಕ್ರಮರ ಮಗ ನಾರಾಯಣ ಪಂಡಿತಾಚಾರ್ಯರು. ಇದು ವಿಜೇತ ಪಕ್ಷದ ಬರಹವೆಂಬ ಎಚ್ಚರ ಸಂಶೋಧಕನಿಗೆ ಇರಬೇಕಾದರೂ, ತಂದೆಯ ಸೋಲನ್ನು ಮಗನು ಅವಮಾನವೆಂದು ಬಗೆಯಲಿಲ್ಲವೆಂಬುದು ಗಮನಾರ್ಹ.

ಆ ಸಭೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಲಾಗದು. ವೇದಾಧಿಕಾರವಿಲ್ಲದವರಿಗೆ ಅಲ್ಲಿ ಸ್ಥಾನವಿರಲಿಲ್ಲ. ಆಧುನಿಕ ವಿದ್ವತ್ತು ಅಧಿಕಾರವನ್ನು ಹುಟ್ಟಿನಿಂದಲೂ ಮತದಿಂದಲೂ ಬಿಡಿಸಿ ಅಧ್ಯಯನಕ್ಕೆ ಕಟ್ಟಿತು. ಕ್ರೈಸ್ತರಲ್ಲದ ಮಂಜೇಶ್ವರ ಗೋವಿಂದ ಪೈಗಳು (1883-1963) ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯದಲ್ಲಿ ಚಿತ್ರಿಸಿದಾಗ ಅವರಿಗೆ ಆ ಅಧಿಕಾರವನ್ನು ಕೊಟ್ಟುದು ಓದು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ 1949ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಎಂ.ಜಿ.ಎಂ. ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ.

ಪ್ರಮಾಣದ ಪ್ರಶ್ನೆಯೇ ಇವೆಲ್ಲಕ್ಕಿಂತ ಜಟಿಲವಾದುದು. ಈ ದೃಷ್ಟಿಯಿಂದ, ಚರ್ಚಾಗ್ರಂಥವಲ್ಲದಿದ್ದರೂ, 16ನೆಯ ಶತಮಾನದ ಕಾಪು ತಾಮ್ರಶಾಸನ ಬೋಧಪ್ರದವಾಗಿದೆ. ಮದ್ದ ಹೆಗ್ಗಡೆಯು ಜೈನ ಬಸದಿಗೆ ಬಿಟ್ಟ ದತ್ತಿಯನ್ನು ಕೆಡಿಸಿದವನು ಜೈನನಾದರೆ ಬೆಳ್ಗೊಳದ ಗೊಮ್ಮಟನಿಗೆ, ಶೈವನಾದರೆ ಗೋಕರ್ಣವೇ ಮೊದಲಾದೆಡೆಯ ಲಿಂಗಗಳಿಗೆ, ವೈಷ್ಣವನಾದರೆ ತಿರುಮಲೆಯ ಮೂರ್ತಿಗೆ ದ್ರೋಹ ಬಗೆದ ಪಾಪಕ್ಕೆ ಗುರಿಯಾಗುವನೆಂದು ಅದು ಶಪಿಸುತ್ತದೆ. ಪ್ರತಿಯೊಬ್ಬನನ್ನೂ ಅವನು ಒಪ್ಪಿದ ಪ್ರಮಾಣದಿಂದಲೇ ಕಟ್ಟಿಹಾಕುವ ಕ್ರಮವಿದು. ವಾದಿಪ್ರತಿವಾದಿಗಳಿಬ್ಬರೂ ಒಪ್ಪಿದ ದೃಷ್ಟಾಂತವೇ ಸಾಧಕವೆಂಬ ನೈಯಾಯಿಕರ ನಿಲುವು ಇದಕ್ಕೆ ದೂರವಲ್ಲ.

ಬೈಬಲ್ ಚರ್ಚೆಯಲ್ಲಿ ಈ ಎಚ್ಚರ ತಪ್ಪಿದಾಗ ವಾದವು ಜಲ್ಪವಾಗುತ್ತದೆ. ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬಸಿಲಿಕದಂತಹ ಕಥೋಲಿಕ ಕೇಂದ್ರಗಳ ಬೈಬಲ್‌ನಲ್ಲಿ 73 ಗ್ರಂಥಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ 66. ತೋಬಿತನ ಗ್ರಂಥದ ವಾಕ್ಯವು ಒಬ್ಬನಿಗೆ ಶ್ರುತಿಸಮಾನ, ಇನ್ನೊಬ್ಬನಿಗೆ ಹಳೆಯ ಕಥೆ. ಇದನ್ನು ಮೊದಲೇ ಹೇಳಿಕೊಳ್ಳದೆ ಉದ್ಧರಿಸಿದರೆ ಎದುರಾಳಿ ಉತ್ತರಿಸಬೇಕಾದ ಹಂಗೇ ಇಲ್ಲ. 1847ರಲ್ಲಿ ಪ್ರಕಟವಾದ ತುಳು ಹೊಸ ಒಡಂಬಡಿಕೆಯ ಮೇಲೆ ವಾದ ಹೂಡುವವನೂ ತಾನು ಅನುವಾದದ ಮಾತನ್ನು ಆಧರಿಸಿದ್ದಾನೋ ಗ್ರೀಕ್ ಮೂಲವನ್ನೋ ಎಂಬುದನ್ನು ತಿಳಿಸಬೇಕಾಗುತ್ತದೆ. ಕೀರ್ತನೆಗಳ ಎಣಿಕೆಯಲ್ಲಿಯೂ ಇಂತಹದೇ ತೊಡಕಿದೆ. ದೇವರನ್ನು ಕುರುಬನೆಂದು ಕರೆಯುವ ಪ್ರಸಿದ್ಧ ಕೀರ್ತನೆಯು ಹೀಬ್ರೂ ಎಣಿಕೆಯಲ್ಲಿ 23ನೆಯದು, ಗ್ರೀಕ್ ಮತ್ತು ಲ್ಯಾಟಿನ್ ಎಣಿಕೆಯಲ್ಲಿ 22ನೆಯದು. ಒಂದೇ ಪದ್ಯವನ್ನು ಕೈಯಲ್ಲಿ ಹಿಡಿದ ಇಬ್ಬರು ವಿದ್ವಾಂಸರು ಪರಸ್ಪರರ ಉಲ್ಲೇಖ ತಪ್ಪೆಂದು ಸಾಧಿಸಲು ಇಷ್ಟೇ ಸಾಕು.