ಒಂದೇ ಯೇಸು, ಇಷ್ಟು ಚರ್ಚು ಯಾಕೆ?

ನಮ್ಮ ಕಲಬುರಗಿಯಲ್ಲಿ ಮೆಥಡಿಸ್ಟರೂ ಇದ್ದಾರೆ, ಕ್ಯಾಥೊಲಿಕರೂ ಇದ್ದಾರೆ. ಇವರೆಲ್ಲ ಒಂದಾಗಬಾರದೇ?

ಆ ಪ್ರಯತ್ನ ನಡೆದಿದೆ. 1947ರ ಸೆಪ್ಟೆಂಬರ್ 27, ಸ್ವಾತಂತ್ರ್ಯ ಬಂದು ಬರೀ ಆರು ವಾರ. ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್, ಬ್ರಿಟಿಷ್ ಮೂಲದ ಮೆಥಡಿಸ್ಟ್ ಸಭೆಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆದವು. ಬಿಷಪ್ಪರನ್ನು ಒಪ್ಪುವವರೂ ಒಪ್ಪದವರೂ ಒಂದೇ ಸೂರಿನಡಿ ಬಂದರು. ಸಣ್ಣ ಮಾತಲ್ಲ ಅದು!

ನಮ್ಮ ಕಲಬುರಗಿ, ಬೀದರ್ ಕಡೆಯ ಮೆಥಡಿಸ್ಟರದ್ದು ಅಮೆರಿಕದ ಮೂಲ. ಅವರು ಆ ಒಕ್ಕೂಟದ ಹೊರಗೇ ಉಳಿದರು. 1981ರಲ್ಲಿ ಅವರದ್ದು ಸ್ವಾಯತ್ತ ಭಾರತೀಯ ಮೆಥಡಿಸ್ಟ್ ಸಭೆಯಾಯಿತು. ಕ್ಯಾಥೊಲಿಕರಿಗೆ ಐಕ್ಯದ ಬಾಗಿಲು ತೆರೆದದ್ದು 1964ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ.

ಜನವರಿ 18ರಿಂದ 25 ಕ್ರೈಸ್ತ ಐಕ್ಯದ ಪ್ರಾರ್ಥನಾ ವಾರ. ಆಗ ನಿಮ್ಮ ಓಣಿಯ ಇನ್ನೊಂದು ಚರ್ಚಿಗೂ ಒಮ್ಮೆ ಹೋಗಿ ಬನ್ನಿ.